ಮಾವನ ಕೋರೆಹಲ್ಲಿಗೆ ಕಸಿ

ಫೆಬ್ರವರಿ ೪

ಚೂಟಿಗೆ, ಮೂವತ್ತೆರಡು ಹಲ್ಲಿನ ಒಡೆಯನಾದ ನಿನ್ನ ಸೋದರಮಾವನ ಆಶೀರ್ವಾದ.

ನೀನು ಹಲ್ಲಿನ ಡಾಕ್ಟರಾದವಳು, ಅದು ಸಾಲದೆಂದು ಮತ್ತೆ ಮೂರು ವರ್ಷ ಕೂತು ಬರೀ ವಸಡನ್ನೇ ಓದಿದವಳು. ಆದರೂ ನಿನ್ನ ದಪ್ಪ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಏಳನೇ ಕ್ಲಾಸು ಓದಿದ ನನ್ನ ಬಾಯಲ್ಲಿ ನಡೆಯುತ್ತಿದೆ. ನನ್ನ ಹಲ್ಲು ಬೆಳೆಯುತ್ತಿದೆ! ನಗಬೇಡ. ಕೆಳದವಡೆ, ಬಲಗಡೆ, ಕೋರೆಹಲ್ಲು. ಐವತ್ತೆಂಟಕ್ಕೆ ನನ್ನ ಜೊತೆಯವರಿಗೆಲ್ಲ ಹಲ್ಲು ಉದುರುತ್ತಿದ್ದರೆ ನನಗೆ ಉದ್ದವಾಗುತ್ತಿದೆ. ಹೋದ ವರ್ಷಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ ಬಂದಿದೆ. ಕನ್ನಡಿ ಹಿಡಿದು ನಾನೇ ಅಳೆದಿದ್ದೇನೆ.

ಅದೇ ಹಲ್ಲು ಯಾಕೆ ಬೆಳೆಯಿತು ಎಂಬುದಕ್ಕೂ ನನ್ನ ಹತ್ತಿರ ಉತ್ತರ ಇದೆ. ನೀನು ಚಿಕ್ಕವಳಿದ್ದಾಗ ನರ್ಸರಿಗೆ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆಯಲ್ಲ, ಎಡಗೈಯಲ್ಲಿ ಗುಲಾಬಿಯ ಕಣ್ಣನ್ನು, ಆ ಚಿಗುರೊಡೆಯುವ ಮೊಗ್ಗಿನ ಚೂರನ್ನು, ಬುಡದ ಗಿಡದ ತೊಗಟೆಯೊಳಗೆ ಒತ್ತಿ ಹಿಡಿದು, ಬಲಗೈಯಲ್ಲಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾ, ಅದರ ತುದಿಯನ್ನು ಈ ಹಲ್ಲಿನಲ್ಲಿ ಕಚ್ಚಿ ಸರ್‍ರನೆ ಎಳೆಯುವುದನ್ನು. ನಲವತ್ತು ವರ್ಷದಿಂದ ದಿನಕ್ಕೆ ಮುನ್ನೂರು ಕಸಿ. ಅಷ್ಟು ವ್ಯಾಯಾಮ ಮಾಡಿದ ಹಲ್ಲು ಬೆಳೆಯದೆ ಇರುತ್ತದೆಯೇ? ನಿಮ್ಮ ಕಾಲೇಜಿನವರಿಗೆ ಬೇಕಾದರೆ ಫೋಟೋ ಕಳಿಸುತ್ತೇನೆ. ಪುಸ್ತಕದಲ್ಲಿ ಹಾಕಿಕೊಳ್ಳಲಿ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದರೆ ನಿನ್ನ ಅತ್ತೆ ಪಕ್ಕದಲ್ಲಿ ನಿಂತು ನನ್ನ ಪ್ರತಿ ಮಾತಿಗೂ ತಿದ್ದುಪಡಿ ಹಾಕುತ್ತಾಳೆ. ಕಾಗದದಲ್ಲಾದರೆ ನನ್ನದೇ ರಾಜ್ಯ.

ನಿನ್ನ ಮಾವ

*

ಫೆಬ್ರವರಿ ೯

ಪ್ರೀತಿಯ ಮಾವನಿಗೆ,

ನಗಲಿಲ್ಲ. ಕಾಗದವನ್ನು ಎರಡು ಸಲ ಓದಿದೆ.

ಹಲ್ಲು ಬೆಳೆದಿಲ್ಲ ಮಾವ. ಅದು ಇದ್ದಲ್ಲೇ ಇದೆ. ಅದರ ಸುತ್ತಲಿನ ನೆಲ ಇಳಿದಿದೆ. ವಸಡು ಇಳಿದು ಬೇರಿನ ಭಾಗ ಹೊರಗೆ ಕಾಣುತ್ತಿದೆ, ಅದನ್ನು ನೀವು ಬೆಳೆಯಿತು ಅಂದುಕೊಂಡಿದ್ದೀರಿ. ವಸಡಿನ ಒಳಗೆ, ಹಲ್ಲನ್ನು ಹಿಡಿದಿರುವ ಎಲುಬೂ ಸವೆದಿರಬಹುದು ಎಂಬುದೇ ನನ್ನ ಭಯ. ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ? ನಾಲಿಗೆಯಿಂದ ತಳ್ಳಿದರೆ ಅಲ್ಲಾಡುತ್ತದೆಯೇ? ಬಾಯಿ ವಾಸನೆ ಬರುತ್ತದೆ ಎಂದು ಅತ್ತೆ ಯಾವತ್ತಾದರೂ ಹೇಳಿದ್ದಾರೆಯೇ? ಜಂಬ ಬಿಟ್ಟು ನಿಜ ಬರೆಯಿರಿ. ಅಲ್ಲೇ ಯಾರಾದರೂ ಹಲ್ಲಿನ ಡಾಕ್ಟರ ಹತ್ತಿರ ಎಕ್ಸ್‌ರೇ ತೆಗೆಸಿ ಕಳಿಸಿ. ಪಟ್ಟಿಯನ್ನು ಇವತ್ತಿನಿಂದ ಆ ಹಲ್ಲಿನಲ್ಲಿ ಎಳೆಯಬೇಡಿ.

ನಿಮ್ಮ ಚೂಟಿ

*

ಫೆಬ್ರವರಿ ೨೦

ಡಾಕ್ಟರಮ್ಮನವರಿಗೆ,

ಏನೋ ಹೊಸ ಸುದ್ದಿ ಹೇಳೋಣ ಅಂದರೆ ನೆಲ ಇಳಿದಿದೆ ಅಂತೀಯ. ನಾನೇನು ಹಳೇ ಮನೆಯೇ?

ರಕ್ತ ಬರುತ್ತದೆ, ಸ್ವಲ್ಪ. ಅದು ಬ್ರಷ್ಷಿನ ತಪ್ಪು. ವಾಸನೆಯ ವಿಷಯ ನಿನ್ನ ಅತ್ತೆಯನ್ನು ಕೇಳಿದೆ. "ಇಷ್ಟು ವರ್ಷ ಆದ್ಮೇಲೆ ಈಗ ಕೇಳ್ತಿದ್ದೀರಲ್ಲ" ಅಂದಳು. ಅಲ್ಲಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ, ಗಾಳಿ ಬಂದರೆ ಅಲ್ಲಾಡುವುದಿಲ್ಲ.

ಎಕ್ಸ್‌ರೇ ಈ ಕಾಗದದ ಜೊತೆಯಲ್ಲಿದೆ. ತೆಗೆದವನು ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ಕೂರುವ ಡಾಕ್ಟರು. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಇಕ್ಕಳ ಮಾತ್ರ ದೊಡ್ಡದಿದೆ. ಚಿತ್ರವನ್ನು ಬೆಳಕಿಗೆ ಹಿಡಿದು, "ಕಿತ್ತು ಹಾಕೋಣ ಬಿಡಿ ಯಜಮಾನ್ರೇ, ಐದು ನಿಮಿಷದ ಕೆಲ್ಸ" ಅಂದ. ನಾನು, "ನೆಟ್ಟೋನು ನೀನಲ್ಲ, ಕೀಳೋಕೆ ಏನವಸರ?" ಅಂದು ಎದ್ದು ಬಂದೆ.

ಈಗ ನಿಜ. ನಿನಗೊಬ್ಬಳಿಗೆ. ಎರಡು ತಿಂಗಳಿಂದ ಪಟ್ಟಿ ಎಳೆದರೆ ಹಲ್ಲು ಪಟ್ಟಿಯ ಜೊತೆಗೇ ಬಾಗುತ್ತಿದೆ. ಬಿಗಿ ಸಾಲದೆ ಕೂರಿಸಿದ ಗುಲಾಬಿ ಕಣ್ಣುಗಳು ಒಣಗುತ್ತಿವೆ. ನೂರಕ್ಕೆ ಎರಡು ಸಾಯುತ್ತಿದ್ದವು, ಈಗ ಹದಿನೈದು ಸಾಯುತ್ತಿವೆ. ನರ್ಸರಿಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕಸಿ ಕಟ್ಟುವ ಎಡಗೈಯಕ್ಕ ಒಬ್ಬಳಿಗೆ ಗೊತ್ತಾಗಿದೆ, ಇನ್ನೂ ಯಾರಿಗೂ ಹೇಳಿಲ್ಲ. ಯಜಮಾನರಿಗೆ ಗೊತ್ತಾದರೆ ನನ್ನ ಕೈಗೆ ನೀರಿನ ಪೈಪು ಕೊಡುತ್ತಾರೆ. ಕಸಿ ಕಟ್ಟಲಾಗದವರಿಗೆಲ್ಲ ಕೊನೆಗೆ ಕೊಡುವುದು ಅದೇ. ಬೆಳಗಿಂದ ಸಂಜೆವರೆಗೆ ಪೈಪು ಹಿಡಿದು ನಿಲ್ಲುವುದು. ಚೂಟಿ, ನನಗೆ ಬೇರೆ ಏನು ಬರುತ್ತದೆ ಹೇಳು? ಜಂಬ ಕೊಚ್ಚುವುದನ್ನು ಬಿಟ್ಟರೆ ಇದೊಂದೇ ಬರುವುದು.

ಆ ಹಲ್ಲು ಉಳಿಯುತ್ತದೋ ಇಲ್ಲವೋ, ಅಷ್ಟು ಬರಿ.

ಮಾವ

*

ಮಾರ್ಚ್ ೧

ಪ್ರೀತಿಯ ಮಾವನಿಗೆ,

ಎಕ್ಸ್‌ರೇ ನೋಡಿದೆ. ಬೇರಿನ ಒಂದು ಪಕ್ಕದಲ್ಲಿ ಎಲುಬು ಕರಗಿ, ಕಿರಿದಾದ ಬಾವಿಯಂತೆ ಏಳು ಮಿಲಿಮೀಟರ್ ಆಳಕ್ಕೆ ಇಳಿದಿದೆ. ಬೇರಿಗೆ ಕಿಟ್ಟ ಕಟ್ಟಿಕೊಂಡು, ಅದರಲ್ಲಿ ಸೇರಿಕೊಂಡ ಕ್ರಿಮಿಗಳಿಂದ ಆದ ಕೆಲಸ. ಆದರೆ ಬಾವಿಗೆ ಮೂರು ಕಡೆ ಎಲುಬಿನ ಗೋಡೆ ನಿಂತಿರುವಂತಿದೆ. ಗೋಡೆ ನಿಂತಿದ್ದರೆ ಕಳೆದುಹೋದದ್ದನ್ನು ಮತ್ತೆ ಬೆಳೆಸಲು ಜಾಗವಿದೆ. ಹೌದು ಮಾವ, ಬೆಳೆಸಲು. ಎಲುಬನ್ನು, ಹಲ್ಲನ್ನು ಎಲುಬಿಗೆ ಕಟ್ಟಿಹಾಕುವ ನಾರನ್ನು, ಎರಡನ್ನೂ.

ನಮ್ಮ ವಿಭಾಗದ ದೊಡ್ಡ ಮೇಡಂಗೆ ತೋರಿಸಿದೆ. ಮಾಡು ಅಂದರು. ಹದಿನೆಂಟಕ್ಕೆ ಬನ್ನಿ. ಖಂಡಿತ ಸರಿಹೋಗುತ್ತದೆ.

ಚೂಟಿ

*

ಮಾರ್ಚ್ ೨೫

ಚೂಟಿಗೆ, ಕಸಿ ಕಟ್ಟಿಸಿಕೊಂಡ ಕಸಿಗಾರನ ಆಶೀರ್ವಾದ.

ಊರು ಮುಟ್ಟಿ ನಾಲ್ಕು ದಿನವಾಯಿತು. ಬಾವು ಇಳಿದಿದೆ. ನೀನು ಹೇಳಿದ ಔಷಧಿ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೇನೆ. ಆ ಕಡೆ ಬ್ರಷ್ಷು ಮುಟ್ಟಿಸಿಲ್ಲ. ಎಡಗಡೆ ಮಾತ್ರ ಅಗಿಯುತ್ತಿದ್ದೇನೆ. ಹೊಲಿಗೆ ಬಿಚ್ಚಲು ನೀನು ಹೇಳಿದಂತೆ ಬಸ್ ನಿಲ್ದಾಣದ ಡಾಕ್ಟರ ಹತ್ತಿರವೇ ಹೋಗುತ್ತೇನೆ. ಅವನ ಇಕ್ಕಳವನ್ನು ಡ್ರಾಯರಿನಲ್ಲಿ ಇಡಿಸಿ ಬೀಗ ಹಾಕಿಸಿದ ಮೇಲೆಯೇ ಬಾಯಿ ತೆರೆಯುವುದು.

ಆದರೆ ನಿನ್ನ ಕುರ್ಚಿಯಲ್ಲಿ ಮಲಗಿ ಕೇಳಿದ ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. ಕೆನ್ನೆ ಮರಗಟ್ಟಿತ್ತು, ಕಿವಿ ಮರಗಟ್ಟಿರಲಿಲ್ಲ. ವಸಡನ್ನು ಬಿಡಿಸಿ, ಬೇರಿನ ಕಿಟ್ಟವನ್ನೆಲ್ಲ ಕೆರೆದು, ಏನೋ ಬೆಳ್ಳಗಿನ ತೆಳು ಪೊರೆಯೊಂದನ್ನು ಕತ್ತರಿಸುತ್ತಿದ್ದೆ. ನಾನು ತೊದಲುತ್ತಾ, "ಅದೇನು?" ಅಂದೆ. ನೀನಂದೆ:

"ಮಾವ, ವಸಡಿಗೆ ಆತುರ ಜಾಸ್ತಿ. ಗಾಯ ಆಗಿದ್ದೇ ತಡ, ಓಡಿ ಬಂದು ಗುಂಡಿ ತುಂಬ್ಕೊಂಡು ಬಿಡುತ್ತೆ. ಎಲುಬು, ನಾರು ಎರಡೂ ನಿಧಾನ. ಅವು ಬರೋ ಹೊತ್ತಿಗೆ ಜಾಗನೇ ಇರಲ್ಲ. ಅದಕ್ಕೆ ಮಧ್ಯೆ ಈ ಪೊರೆ ಇಡೋದು. ಆತುರದವ್ರು ಆಚೆ, ನಿಧಾನದವ್ರು ಒಳಗೆ. ಕೆಲಸ ಮುಗಿದ ಮೇಲೆ ಪೊರೆ ತಾನೇ ಕರಗಿಹೋಗುತ್ತೆ."

"ಮತ್ತೆ ಒಳಗೆ ಏನ್ ತುಂಬ್ತೀಯ?"

"ಏನೂ ಇಲ್ಲ. ನಿಮ್ ರಕ್ತನೇ. ಅದು ಹೆಪ್ಪುಗಟ್ಟಿ, ಅಲ್ಲಾಡದೆ ಕೂತ್ರೆ ಸಾಕು. ಮಿಕ್ಕಿದ್ದು ಅದಕ್ಕೆ ಗೊತ್ತು."

ನಾನು ಕಣ್ಣು ಮುಚ್ಚಿಕೊಂಡೆ. ನೋವಿಗೆ ಅಂದುಕೊಂಡು ನೀನು ಇನ್ನೊಂದು ಸೂಜಿ ಚುಚ್ಚಿದೆ. ನೋವಲ್ಲ ಮಾರಾಯ್ತಿ! ನಲವತ್ತು ವರ್ಷ ನಾನು ಮಾಡಿದ್ದೂ ಅದೇ ಅಲ್ಲವೇ? ಬುಡದಿಂದ ಏಳುವ ಕಾಡು ಚಿಗುರನ್ನು ಚಿವುಟಿ ಹಾಕದಿದ್ದರೆ ನಾವು ಕೂರಿಸಿದ ಕಣ್ಣಿಗೆ ಗಿಡ ಜಾಗವನ್ನೇ ಕೊಡುವುದಿಲ್ಲ. ನಾನು ಕಣ್ಣನ್ನಾದರೂ ತಂದು ಕೂರಿಸುತ್ತೇನೆ. ನೀನು ಅದನ್ನೂ ಕೂರಿಸಲಿಲ್ಲ. ಖಾಲಿ ಜಾಗಕ್ಕೆ ಒಂದು ಬೇಲಿ ಹಾಕಿ ಕೈ ತೊಳೆದುಕೊಂಡೆ. ಈ ದವಡೆಗೆ ಏಳನೇ ಕ್ಲಾಸೂ ಆಗಿಲ್ಲ. ಅದಕ್ಕೆ ಎಲ್ಲಿ ಎಲುಬು ಹಾಕಬೇಕು, ಎಲ್ಲಿ ನಾರು ನೇಯಬೇಕು ಅಂತ ಯಾರು ಹೇಳಿಕೊಟ್ಟರು? ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆರು ಗಂಟೆ ಇದನ್ನೇ ಯೋಚಿಸಿದೆ. ಪಕ್ಕದವನು ಮಾತಾಡಿಸಿದರೂ ಮಾತಾಡಲಿಲ್ಲ. ನಾನು ಮಾತಾಡದೆ ಆರು ಗಂಟೆ ಕೂತೆ ಅಂದರೆ ನಿನ್ನ ಅತ್ತೆ ನಂಬಲಿಲ್ಲ.

ನರ್ಸರಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ನನಗೇ ಕಸಿ ಆಗಿದೆ ಅಂತ. ಹಲ್ಲು ರಿಪೇರಿಗೆ ಅಂತ ಯಜಮಾನರಿಂದ ಎರಡು ತಿಂಗಳು ಬರೀ ಕಣ್ಣು ಆರಿಸುವ ಕೆಲಸ ಪಡೆದಿದ್ದೇನೆ. ಎರಡು ತಿಂಗಳಾದ ಮೇಲೆ ನೋಡಲಿ ನನ್ನ ಕಟ್ಟು.

ಮಾವ

*

ಏಪ್ರಿಲ್ ೧೦

ಚಿ. ಚೂಟಿಗೆ ಆಶೀರ್ವಾದಗಳು.

ನಾವು ಕ್ಷೇಮ. ನೀನು ಕ್ಷೇಮವೆಂದು ನಂಬಿದ್ದೇನೆ. ಹೊಲಿಗೆ ಬಿಚ್ಚಿದರು. ಹಲ್ಲು ಚೆನ್ನಾಗಿದೆ. ನಿನ್ನ ಉಪಕಾರ ಮರೆಯುವುದಿಲ್ಲ. ನಿನ್ನ ಆರೋಗ್ಯದ ಕಡೆ ಗಮನವಿರಲಿ.

ಇತಿ, ನಿನ್ನ ಮಾವ

(ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ) ಚೂಟಿ, ನಾನು ಅತ್ತೆ. ಲಕೋಟೆ ಅಂಟಿಸುವ ಮೊದಲು ಕದ್ದು ಬರೆಯುತ್ತಿದ್ದೇನೆ. ನಿಮ್ಮ ಮಾವ ಮೊನ್ನೆಯಿಂದ ಜಂಬ ಕೊಚ್ಚಿಲ್ಲ. ಗಂಜಿಯನ್ನು ಬಿಟ್ಟು ಬೇರೇನೂ ತಿನ್ನುತ್ತಿಲ್ಲ. ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದಾರೆ. ಕೇಳಿದರೆ "ಏನಿಲ್ಲ" ಅಂತಾರೆ. ನನಗೆ ಹೆದರಿಕೆ ಆಗುತ್ತಿದೆ.

*

ಏಪ್ರಿಲ್ ೧೫

ಮಾವನಿಗೆ,

ನಿಮ್ಮ ಕಾಗದ ಬಂತು. ಅಷ್ಟು ಮರ್ಯಾದೆಯಿಂದ ನೀವು ನನಗೆ ಯಾವತ್ತೂ ಬರೆದಿಲ್ಲ. ಯಾಕೆಂದು ಗೊತ್ತಾಯಿತು. ಬಸ್ ನಿಲ್ದಾಣದ ಡಾಕ್ಟರು ಹೊಲಿಗೆ ಬಿಚ್ಚುವಾಗ ಹೇಳಿಬಿಟ್ಟರು, ಅಲ್ಲವೇ? ಅವರು ಫೋನು ಮಾಡಿದ್ದಾಗ ಅವರಿಗೆ ಎಲ್ಲ ಹೇಳಿದ್ದೆ. ನಿಮಗೆ ನಾನೇ ಮೊದಲು ಹೇಳಬೇಕಿತ್ತು.

ದೊಡ್ಡ ಮೇಡಂ "ಮಾಡು" ಅಂದದ್ದು ಎರಡನೆಯ ಸಲ. ಮೊದಲ ಸಲ ನಿಮ್ಮ ಫೈಲಿನ ಮೇಲೆ ಅವರು ಬರೆದದ್ದು "ಕೀಳುವುದು" ಅಂತ. ನಾನು ಅವರ ಬಾಗಿಲಲ್ಲೇ ನಿಂತೆ. "ಸ್ವಂತ ಮಾವನ ಹಲ್ಲು ಅಂತ ಆಸೆ ಪಡ್ತಿದ್ದೀಯ. ಬೇರೆಯವ್ರದ್ದಾಗಿದ್ರೆ ನೀನೇ ಕೀಳ್ತಿದ್ದೆ" ಅಂದರು. ಮೂರು ಗೋಡೆ ತೋರಿಸಿದೆ. "ಅಲ್ಲಾಡೋ ಹಲ್ಲು, ಅರ್ಧಕ್ಕರ್ಧ ಅವಕಾಶ. ಅವ್ರಿಗೆ ಹೇಳಿ ಮಾಡು" ಅಂದರು. ನಾನು ಹೇಳದೆ ಮಾಡಿದೆ. ಖಂಡಿತ ಸರಿಹೋಗುತ್ತದೆ ಅಂತ ಬರೆದೆ. ನೀರಿನ ಪೈಪಿನ ಮಾತು ಓದಿದ ಮೇಲೆ "ಅರ್ಧಕ್ಕರ್ಧ" ಎಂದು ಬರೆಯಲು ನನ್ನ ಕೈ ಬರಲಿಲ್ಲ.

ಬೈಯಬೇಕೆನಿಸಿದರೆ ಬೈಯಿರಿ. ಆದರೆ "ಇತಿ" ಅಂತ ಬರೆಯಬೇಡಿ.

ಚೂಟಿ

*

ಏಪ್ರಿಲ್ ೨೧

ಚೂಟಿ,

ಆ ಹುಡುಗ ಡಾಕ್ಟರು ನನಗೆ ಏನೂ ಹೇಳಿಲ್ಲ. ಪಾಪ, ಹೊಲಿಗೆಯನ್ನು ಹೂವಿನ ಎಸಳು ಬಿಡಿಸಿದ ಹಾಗೆ ಬಿಡಿಸಿದ. "ಇದನ್ನ ನಾವು ಓದಿದ್ದೆವು, ಕಣ್ಣಾರೆ ನೋಡಿರ್ಲಿಲ್ಲ" ಅಂತ ಎರಡು ಸಲ ದೀಪ ಹಾಕಿ ನೋಡಿದ. ತಪ್ಪು ಅವನದ್ದಲ್ಲ, ನಿನ್ನದೂ ಅಲ್ಲ.

ಈಗ ನಾನು ಬರೆಯುವುದನ್ನು ಕೂತುಕೊಂಡು ಓದು.

ಗಿಡಕ್ಕೆ ಕಣ್ಣು ಕೂರಿಸಿದರೆ ಇಪ್ಪತ್ತೊಂದನೆಯ ದಿನ ಪಟ್ಟಿ ಬಿಚ್ಚಿ, ಹೆಬ್ಬೆರಳಿನ ಉಗುರಿನಿಂದ ಒಂದೇ ಒಂದು ಗೀರು ಹಾಕಿ ನೋಡುತ್ತೇವೆ. ಕೆಳಗೆ ಹಸಿರು ಕಂಡರೆ ಹಿಡಿದಿದೆ, ಕಂದು ಕಂಡರೆ ಸತ್ತಿದೆ. ಇದು ನನಗೆ ಉಸಿರಾಡಿದಷ್ಟೇ ಅಭ್ಯಾಸ. ಏಪ್ರಿಲ್ ಎಂಟಕ್ಕೆ ನನ್ನ ಕಸಿಗೆ ಇಪ್ಪತ್ತೊಂದು ದಿನ. ಎಡಗೈಯಕ್ಕ ಲೆಕ್ಕ ಇಟ್ಟಿದ್ದಳು.

"ಏನ್ ಮೇಸ್ತ್ರಿ, ಇವತ್ತಿಗೆ ಮೂರು ವಾರ. ಹಿಡ್ದಿದ್ಯೋ ಇಲ್ವೋ?"

"ನನ್ ಸೊಸೆ ಕಟ್ಟಿರೋದು. ಹಿಡೀದೆ ಇರುತ್ತಾ?"

"ಬಾಯಲ್ಲಿ ಹೇಳಿದ್ರೆ ಆಯ್ತಾ? ನಮ್ ಗಿಡಗಳಿಗೆ ಉಗುರು ಹಾಕ್ತೀರಲ್ಲ, ನಿಮ್ಮದಕ್ಕೆ?"

ಏಳೆಂಟು ಜನ ನಿಂತಿದ್ದರು. ನಾನು ಸ್ಕೂಟರಿನ ಕನ್ನಡಿ ತಿರುಗಿಸಿಕೊಂಡು, ತುಟಿ ಎಳೆದು, ಹಲ್ಲಿನ ಬುಡದಲ್ಲಿ ಉಗುರು ಹಾಕಿದೆ. ವಸಡಿನ ಅಂಚು ತೊಗಟೆಯ ಹಾಗೆ ಎದ್ದಿತು. ಒಳಗಿಂದ ಬೆಳ್ಳಗಿನದು ಚೂರು ಕಂಡಿತು. ಪಟ್ಟಿ ಅಂದುಕೊಂಡಿತು ನನ್ನ ಕೈ. ನಾನು ಅನ್ನುತ್ತಿಲ್ಲ, ನನ್ನ ಕೈ ಅಂದುಕೊಂಡಿತು. ಎಳೆಯಿತು. ಬಂತು. ಉಗುರಿನ ಕಾಲು ಭಾಗದಷ್ಟು. ಹಿಂದೆಯೇ ರಕ್ತ.

ಯಾರೂ ನಗಲಿಲ್ಲ. ಎಡಗೈಯಕ್ಕ ತನ್ನ ಕುಡಿಯುವ ನೀರಿನ ಬಾಟಲಿ ತಂದು ಕೊಟ್ಟು, "ನಾನು ಕೇಳ್ಬಾರ್ದಿತ್ತು" ಅಂದಳು. ನನಗಿಂತ ಅವಳ ಮುಖ ಬೆಳ್ಳಗಾಗಿತ್ತು.

ಆ ಚೂರನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ. ಯಾಕೆಂದು ಗೊತ್ತಿಲ್ಲ. ಒಳಗೆ ನಿಧಾನದವರು ಕೆಲಸ ಮಾಡುತ್ತಿದ್ದರು, ಅವರ ಬೇಲಿಯನ್ನು ನಾನೇ ಕಿತ್ತೆ. ನೀನು ಬಾಗಿಲಲ್ಲಿ ನಿಂತು ಗೆದ್ದು ತಂದ ಅರ್ಧವನ್ನು ನಾನು ಸ್ಕೂಟರಿನ ಕನ್ನಡಿಯ ಮುಂದೆ ಕಳೆದೆ. ಹಲ್ಲು ಹೋದರೆ ಹೋಗಲಿ. ನಿನ್ನ ದೊಡ್ಡ ಮೇಡಂ ನಿನಗೆ ಏನನ್ನುತ್ತಾರೋ ಎಂಬುದೇ ನನ್ನ ಸಂಕಟ.

ಮಾವ

*

ಏಪ್ರಿಲ್ ೨೭

ಮಾವ,

ಸಿಟ್ಟು ಬಂತು. ಕಾಗದ ಮಡಚಿಟ್ಟು ಮೂರು ರೋಗಿಗಳನ್ನು ನೋಡಿ ಬಂದೆ. ಮತ್ತೆ ಓದಿದೆ. ಸ್ಕೂಟರಿನ ಕನ್ನಡಿಯ ಹತ್ತಿರ ಬಂದಾಗ ನಗು ಬಂತು, ನಂತರ ಅಳು.

ತಪ್ಪು ನನ್ನದೂ ಇದೆ. ಏನೇನು ತಿನ್ನಬಾರದು ಅಂತ ಎರಡು ಪುಟ ಬರೆದುಕೊಟ್ಟೆ. ಒಬ್ಬ ಕಸಿಗಾರನಿಗೆ "ಗೀರಿ ನೋಡಬೇಡ" ಅಂತ ಬರೆಯಬೇಕು ಎಂದು ಹೊಳೆಯಲಿಲ್ಲ.

ಈಗ ಅಲ್ಲಿ ಏನಾಗಿದೆ ಎಂದು ನನಗೆ ಗೊತ್ತಿಲ್ಲ. ಅಂಚಿನ ಚೂರು ಮಾತ್ರ ಬಂದಿದ್ದರೆ ತಳದಲ್ಲಿ ಕೆಲಸ ನಡೆಯುತ್ತಿರಬಹುದು. ನಡೆಯದೆಯೂ ಇರಬಹುದು. ತೆರೆದು ನೋಡಿದರೆ ಉಳಿದದ್ದೂ ಹಾಳು. ಸೋಂಕಾಗದಂತೆ ಇದರ ಜೊತೆಗಿರುವ ಚೀಟಿಯ ಮಾತ್ರೆ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಆ ಡಾಕ್ಟರ ಹತ್ತಿರ ಮೇಲ್ಮೇಲೆ ಶುಚಿ ಮಾಡಿಸಿಕೊಳ್ಳಿ. ಇನ್ನು ಆರು ತಿಂಗಳು ನಾಲಿಗೆ ಕೂಡ ಆ ಕಡೆ ಹೋಗಬಾರದು. ನವೆಂಬರಿನಲ್ಲಿ ಎಕ್ಸ್‌ರೇ. ಅಲ್ಲಿಯವರೆಗೆ ನನ್ನನ್ನು ಕೇಳಬೇಡಿ, ನಾನೂ ನಿಮ್ಮನ್ನು ಕೇಳುವುದಿಲ್ಲ.

ಕನ್ನಡಿಯನ್ನು ಗೋಡೆಯಿಂದ ಈ ಕಡೆ ತಿರುಗಿಸಿ. ಅತ್ತೆ ತಲೆ ಬಾಚಿಕೊಳ್ಳಬೇಕು.

ಚೂಟಿ

*

ನವೆಂಬರ್ ೧೨

ಮಾವ,

ಎಕ್ಸ್‌ರೇ ನಿನ್ನೆ ಬಂತು. ಲಕೋಟೆ ಒಡೆಯಲು ಧೈರ್ಯವಾಗದೆ ಊಟದ ಹೊತ್ತಿನವರೆಗೂ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ.

ಫೆಬ್ರವರಿಯ ಚಿತ್ರವನ್ನೂ ನಿನ್ನೆಯದನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಇಟ್ಟೆ. ಫೆಬ್ರವರಿಯಲ್ಲಿ ಬೇರಿನ ಪಕ್ಕ ಕಪ್ಪಗಿದ್ದ ಬಾವಿಯ ತಳದಲ್ಲಿ ಈಗ ಬೂದು ಬಣ್ಣದ ನೆರಳು. ಮೊದಲು ಕಣ್ಣಿನ ಭ್ರಮೆ ಅಂದುಕೊಂಡೆ. ಭೂತಗನ್ನಡಿ ಹಿಡಿದೆ. ಎಲುಬಿನ ಗೆರೆಗಳು ಮಾವ, ಜೇಡರಬಲೆಗಿಂತ ತೆಳುವಾಗಿ, ಒಂದರೊಳಗೊಂದು ಹೆಣೆದುಕೊಂಡು ಮೇಲೆ ಬರುತ್ತಿವೆ. ಏಳರಲ್ಲಿ ನಾಲ್ಕು ಮಿಲಿಮೀಟರ್ ತುಂಬಿದೆ. ಮೇಲಿನ ಮೂರು ತುಂಬಿಲ್ಲ. ಅಲ್ಲೊಂದು ಕಚ್ಚು ಇದೆ, ಹೆಬ್ಬೆರಳಿನ ಉಗುರು ಎಲ್ಲಿ ಇಳಿಯಿತೋ ಸರಿಯಾಗಿ ಅಲ್ಲಿ. ನೀವು ಬೇಲಿ ಕಿತ್ತ ಕಡೆ ವಸಡು ನುಗ್ಗಿದೆ. ಉಳಿದ ಕಡೆ ನಿಧಾನದವರು ತಮ್ಮ ಪಾಡಿಗೆ ಕೆಲಸ ಮುಗಿಸಿದ್ದಾರೆ. ನಾವಿಬ್ಬರೂ ಹೆದರಿ ಮಾತು ಬಿಟ್ಟಿದ್ದ ಅಷ್ಟೂ ತಿಂಗಳು.

ಇನ್ನೂರು ಹಲ್ಲುಗಳಿಗೆ ನಾನು ಈ ಕೆಲಸ ಮಾಡಿರಬಹುದು. ಆದರೂ ನಿನ್ನೆ ಕುರ್ಚಿ ಎಳೆದುಕೊಂಡು ಕೂತು ನೋಡಿದೆ. ದೊಡ್ಡ ಮೇಡಂ ಹಿಂದೆ ಬಂದು ನಿಂತದ್ದೂ ಗೊತ್ತಾಗಲಿಲ್ಲ. "ಇದು ನಿಮ್ಮ ಮಾವಂದಲ್ವಾ? ಉಗುರು ಹಾಕಿದ್ದು?" ಅಂದರು. "ಹೌದು ಮೇಡಂ." ಅವರು ಕನ್ನಡಕ ಹಣೆಗೇರಿಸಿ ಚಿತ್ರದ ಹತ್ತಿರ ಬಗ್ಗಿದರು. "ನಾನು ಕೀಳಿಸ್ತಿದ್ದೆ" ಅಂದರು. ಅಷ್ಟೇ.

ಹಲ್ಲು ಉಳಿಯುತ್ತದೆ. ಈ ಸಲ ಏನನ್ನೂ ಮುಚ್ಚಿಡದೆ ಬರೆಯುತ್ತೇನೆ. ಆ ಹಲ್ಲಿನಲ್ಲಿ ಪಟ್ಟಿ ಎಳೆಯುವಂತಿಲ್ಲ, ಇನ್ನು ಯಾವತ್ತೂ. ನಾಲ್ಕು ಮಿಲಿಮೀಟರು ಊಟಕ್ಕೆ ಸಾಕು, ನಿಮ್ಮ ಎಳೆತಕ್ಕೆ ಸಾಲದು. ನಿಮಗೆ ಬೇಕಾಗಿದ್ದದ್ದು ಅದೇ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಇನ್ನೊಂದು. ಎಲುಬು ಚಿತ್ರದಲ್ಲಿ ಕಾಣುತ್ತದೆ, ನಾರು ಕಾಣುವುದಿಲ್ಲ. ನಾರೂ ಮತ್ತೆ ಹುಟ್ಟಿದೆಯೇ ಎಂದು ಖಚಿತವಾಗಿ ತಿಳಿಯಬೇಕಾದರೆ ಹಲ್ಲನ್ನು ಎಲುಬಿನ ಸಮೇತ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮಾವಂದಿರಿಗೆ ಹಾಗೆ ಮಾಡುವ ಪದ್ಧತಿ ಇಲ್ಲ. ಆದರೆ ಆ ನಾರಿನಲ್ಲಿ ನರಗಳಿರುತ್ತವೆ, ಹಲ್ಲಿಗೆ ಮುಟ್ಟಿದ್ದು ತಿಳಿಯುವುದು ಅವುಗಳಿಂದ. ಗಟ್ಟಿಯಿರುವ ಹಲ್ಲಿಗೆ, ಮೇಲಿನ ಹಲ್ಲಿನ ನಡುವೆ ಒಂದು ಕೂದಲೆಳೆ ಇಟ್ಟು ಕಚ್ಚಿದರೂ ಗೊತ್ತಾಗುತ್ತದೆ. ಮೊದಲು ನಿಮ್ಮ ಕೋರೆಹಲ್ಲು ದಾರವನ್ನೂ ಗುರುತಿಸುತ್ತಿರಲಿಲ್ಲ, ನಾನು ಆಪರೇಷನ್ನಿನ ದಿನ ನೋಡಿದ್ದೆ. ಈಗ ಕೂದಲು ಇಟ್ಟು ನೋಡಿ. ಇದು ರುಜುವಾತೇನೂ ಅಲ್ಲ. ನನಗೆ ತಿಳಿಯುವ ಆಸೆ, ಅಷ್ಟೇ.

ಚೂಟಿ

*

ನವೆಂಬರ್ ೨೦

ಚೂಟಿಗೆ, ನಾಲ್ಕು ಮಿಲಿಮೀಟರಿನ ಜಮೀನ್ದಾರನ ಆಶೀರ್ವಾದ.

ಪಟ್ಟಿಯ ವಿಷಯ ಮೊದಲು ಮುಗಿಸುತ್ತೇನೆ. ಎರಡು ತಿಂಗಳು ಅಂತ ಪಡೆದ ಕಣ್ಣು ಆರಿಸುವ ಕೆಲಸವನ್ನು ಏನೇನೋ ನೆಪ ಹೇಳಿ ಇಲ್ಲಿಯವರೆಗೆ ಎಳೆದಿದ್ದೆ. ನಿನ್ನ ಕಾಗದ ಓದಿದ ಮೇಲೆ ಯಜಮಾನರ ಹತ್ತಿರ ನಾನೇ ಹೋಗಿ ಹೇಳಿದೆ, "ಹಲ್ಲು ಉಳೀತು, ಎಳೆಯೋ ಹಾಗಿಲ್ಲ" ಅಂತ. ಪೈಪಿನ ಕಡೆ ಕೈ ತೋರಿಸುತ್ತಾರೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಎಡಗೈಯಕ್ಕ ಅಲ್ಲಿಗೇ ಬಂದು, "ಹಲ್ಲಿಲ್ದೇನೂ ಕಟ್ಬಹುದು. ನಾನ್ ಕಟ್ತಿಲ್ವಾ? ನನ್ ಬಾಯಲ್ಲಿ ಆ ಕಡೆ ಹಲ್ಲೇ ಇಲ್ಲ" ಅಂದಳು. ಇಪ್ಪತ್ತು ವರ್ಷ ಪಕ್ಕದ ಸಾಲಿನಲ್ಲಿ ಕೂತಿದ್ದರೂ ಅವಳು ಹೇಗೆ ಕಟ್ಟುತ್ತಾಳೆ ಎಂದು ನಾನು ಒಂದು ದಿನವೂ ತಿರುಗಿ ನೋಡಿರಲಿಲ್ಲ. ನನ್ನದನ್ನು ನೋಡಿಕೊಳ್ಳುವುದರಲ್ಲೇ ಆಯಿತು. ಪಟ್ಟಿಯ ತುದಿಯನ್ನು ಮೊದಲ ಸುತ್ತಿನ ಕೆಳಗೇ ಸಿಕ್ಕಿಸಿ, ಕಿರುಬೆರಳಿನಿಂದ ಎಳೆಯುತ್ತಾಳೆ. ಕಲಿಯುತ್ತಿದ್ದೇನೆ. ದಿನಕ್ಕೆ ನೂರೆಂಬತ್ತು ಆಗುತ್ತಿದೆ. ತಪ್ಪಿದರೆ ಕೈಗೆ ಹೊಡೆಯುತ್ತಾಳೆ, ಮೇಸ್ತ್ರಿ ಎಂಬ ಮರ್ಯಾದೆಯೂ ಇಲ್ಲ. ಪೈಪು ಅದರ ಪಾಡಿಗೆ ಮೂಲೆಯಲ್ಲಿದೆ.

ಈಗ ಕೂದಲು. ನಿನ್ನ ಅತ್ತೆ ಕಿಟಕಿ ಪಕ್ಕ ಕುರ್ಚಿ ಹಾಕಿ, ನನ್ನ ಕಣ್ಣಿಗೆ ಟವೆಲು ಕಟ್ಟಿದಳು. ತನ್ನ ತಲೆಯಿಂದಲೇ ಕೂದಲು ತೆಗೆದು ಒಂದು ಸಲ ಇಡುವುದು, ಒಂದು ಸಲ ಇಟ್ಟ ಹಾಗೆ ಮಾಡಿ ಇಡದೆ ಇರುವುದು. ನಾನು ಮೆಲ್ಲಗೆ ಕಚ್ಚಿ ಹೇಳಬೇಕು.

"ಇದೆ."

"ಹೂಂ."

"ಇಲ್ಲ."

"ಅಯ್ಯೋ, ಹೇಗ್ರೀ ಗೊತ್ತಾಯ್ತು? ಟವೆಲ್ ಸಂದಿಯಿಂದ ನೋಡ್ತಿದ್ದೀರಾ?"

ಟವೆಲನ್ನು ಇನ್ನೂ ಬಿಗಿಯಾಗಿ ಕಟ್ಟಿದಳು. ಹೇಗೆ ಗೊತ್ತಾಗುತ್ತದೆ ಎಂದು ನಿನಗೂ ಬರೆಯಲು ಬರುವುದಿಲ್ಲ ಚೂಟಿ. ಕೂದಲು ನಾಲಿಗೆಗೆ ತಾಗುವುದಿಲ್ಲ, ವಸಡಿಗೆ ತಾಗುವುದಿಲ್ಲ. ಕಲ್ಲಿನಂಥ ಹಲ್ಲಿನ ತುದಿಗೆ ತಾಗುತ್ತದೆ, ಎಲ್ಲೋ ಆಳದಲ್ಲಿ ಯಾರೋ ಎದ್ದು ಕೂತು "ಬಂತು" ಅನ್ನುತ್ತಾರೆ. ಒಂದು ವರ್ಷದಿಂದ ಅಲ್ಲಿ ಯಾರೂ ಇರಲಿಲ್ಲ. ಒಂಬತ್ತು ಸಲಕ್ಕೆ ಒಂಬತ್ತೂ ಸರಿ. ನಾನು ಒಂದು ಸಲವೂ ಜಂಬದ ಮಾತಾಡಲಿಲ್ಲ.

ಹತ್ತನೆಯ ಸಲ ಕಚ್ಚಿ, "ಇದೆ" ಅಂದೆ.

"ಸೋತ್ರಿ!" ನಿನ್ನ ಅತ್ತೆ ಚಪ್ಪಾಳೆ ತಟ್ಟಿದಳು. "ನಾನು ಇಟ್ಟೇ ಇಲ್ಲ."

"ಇದೆ ಕಣೇ."

"ಇಲ್ಲ ಅಂದ್ರೆ ಇಲ್ಲ. ಇಡೋಳು ನಾನಲ್ವಾ?"

"ಹಲ್ಲು ಇದೆ ಅಂತಿದೆ."

ಟವೆಲು ಬಿಚ್ಚಿ, ಕಿಟಕಿಯ ಕಡೆ ತಿರುಗಿ ಬಾಯಿ ತೆರೆದೆ. ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು. ಎರಡು ಬೆರಳಿನಿಂದ ಮೆಲ್ಲಗೆ ಹಿಡಿದು ಎಳೆದಳು. ಬೆಳ್ಳಗಿನ, ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವಷ್ಟು ತೆಳುವಾದ ಒಂದು ಎಳೆ. ಬಗ್ಗಿದಾಗ ಅವಳ ಹಣೆಯಿಂದ ತಾನಾಗಿ ಉದುರಿದ್ದು.

ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ಇನ್ನಷ್ಟು ತಿರುಗಿಸಿದಳು.

"ಇನ್ನೊಂದ್ಸಲ ಬಾಯಿ ತೆಗೀರಿ" ಅಂದಳು. "ಆ ಹಲ್ಲನ್ನ ನಾನು ಸರಿಯಾಗಿ ನೋಡೇ ಇಲ್ಲ."

ತೆಗೆದೆ.

ಮಾವ